ಮೊದಲೇ ಹೋಗಿ ಕೂರುತ್ತಿದ್ದ ಸುಬೇದಾರರು

ನಮ್ಮ ಪಕ್ಕದ ಮನೆಯ ಸುಬೇದಾರರು ಕೂತರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅವರ ಎರಡು ಮೊಣಕಾಲೂ ಒಂದರ ಹಿಂದೊಂದು ಲಟಕ್, ಲಟಕ್ ಎನ್ನುತ್ತಿದ್ದವು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುತ್ತದಲ್ಲ, ಅಂಥದೇ ಸದ್ದು. ಆಮೇಲೆ ಒಂದು "ಶಿವನೇ", ಅದಾದ ಮೇಲೆ ಮೌನ. ಕೂರುವುದಕ್ಕೆ ಇಷ್ಟು ಕಷ್ಟಪಡುತ್ತಿದ್ದ ಮನುಷ್ಯ ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ಕೂರುವುದನ್ನೇ ತನ್ನ ಉದ್ಯೋಗ ಮಾಡಿಕೊಂಡಿದ್ದರು.

ಅದಕ್ಕೆಂದೇ ಅವರ ಹತ್ತಿರ ಒಂದು ಮಣೆಯಿತ್ತು. ಒಂದೇ ದಿಮ್ಮಿಯಲ್ಲಿ ಕೊರೆದದ್ದು, ಮೂರು ಕಾಲು, ನಡುವೆ ತಟ್ಟೆಯ ಹಾಗೆ ತಗ್ಗು. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಒಗೆದೊಗೆದು ಬೂದಿಬಣ್ಣಕ್ಕೆ ತಿರುಗಿದ ನೀಲಿ ಟೋಪಿ ಇಟ್ಟುಕೊಂಡು ಅವರು ಬೀದಿಗಿಳಿದರೆಂದರೆ ಎಲ್ಲೋ ಜಗಳವೊಂದು ಶುರುವಾಗುವುದರಲ್ಲಿದೆ ಎಂದು ಜನ ತಿಳಿಯುತ್ತಿದ್ದರು. ಬದುವಿನ ಜಗಳವೋ, ಬೋರ್‌ವೆಲ್ ನೀರಿನ ಸರದಿಯದೋ, ಪಕ್ಕದವರ ತೋಟಕ್ಕೆ ವಾಲಿದ ಮರದ ಕಾಯಿ ಯಾರದು ಎಂಬುದೋ. ಸುಬೇದಾರರು ಹೋಗಿ ಎರಡು ಕಡೆಯವರ ನಡುವೆ ಮಣೆ ಹಾಕಿ ಕೂರುತ್ತಿದ್ದರು. ತೀರ್ಪಿಲ್ಲ, ಬುದ್ಧಿವಾದವಿಲ್ಲ.

"ನೀವೇ ಹೇಳಿ ಸುಬೇದಾರ್ರೇ, ಯಾರ್ದು ತಪ್ಪು?"

"ನಂಗೇನ್ ಗೊತ್ತು? ನಾನು ಕೂತ್ಕಳಕ್ ಬಂದಿದೀನಿ. ನೀವು ಮುಂದುವರಿಸ್ಕಳಿ."

ಒಬ್ಬ ಹಿರಿಯ ಮನುಷ್ಯ ನಡುವೆ ಕೂತು ಸುಮ್ಮನೆ ಮುಖ ನೋಡುತ್ತಿದ್ದರೆ ಅಮ್ಮ ಅಕ್ಕ ಎಂದು ಬೈಯುವುದು ಕಷ್ಟ. ಬೈಯದೆ ಜಗಳವಾಡುವುದು ಇನ್ನೂ ಕಷ್ಟ. ಸ್ವಲ್ಪ ಹೊತ್ತಿಗೆ ಯಾರಾದರೂ, "ಕಾಪಿ ಮಾಡ್ಸಲಾ ಸುಬೇದಾರ್ರಿಗೆ?" ಎನ್ನುತ್ತಿದ್ದರು. ಅಲ್ಲಿಗೆ ಆ ದಿನದ ಮಟ್ಟಿಗೆ ಕೆಲಸ ಮುಗಿಯಿತು.

ಜಗಳಕ್ಕಷ್ಟೇ ಅಲ್ಲ, ಅವರು ಎಲ್ಲದಕ್ಕೂ ಮುಂಚೆ ಹೋಗುವವರು. ಮದುವೆಗೆ ಹೋದರೆ ಚಪ್ಪರದವನು ಇನ್ನೂ ಕಂಬಕ್ಕೆ ಗುಂಡಿ ತೋಡುತ್ತಿರುತ್ತಿದ್ದ. ತಿಪಟೂರಿಗೆ ಹೊರಟರೆ, ತಾವು ಹತ್ತಬೇಕಾದ ಬಸ್ಸಿಗಿಂತ ಮುಂಚಿನ ಬಸ್ಸು ಬರುವ ಹೊತ್ತಿಗೇ ಸ್ಟಾಪಿನಲ್ಲಿರುತ್ತಿದ್ದರು. ಅದನ್ನೇ ಹತ್ತಬಾರದೇ ಎಂದರೆ, "ಅದು ನಂದಲ್ಲ ಕಣಪ್ಪ" ಎಂದು ಅದನ್ನು ಬೀಳ್ಕೊಡುತ್ತಿದ್ದರು.

ಇನ್ನು ನಾನು. ದಂಡಿನಶಿವರದ ಆಚೆಗಿನ ನಮ್ಮೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದೇನೆ. ಜನ ಹೆಸರು ಬಿಟ್ಟು "ಮೆಡಿಕಲ್ಲು" ಎಂದೇ ಕರೆಯುತ್ತಾರೆ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಕಾಗದವನ್ನು ಪೂರ್ತಿ ಓದುವವನು ಈ ತಾಲ್ಲೂಕಿಗೆಲ್ಲ ನಾನೊಬ್ಬನೇ ಇರಬೇಕು. ಓದಿದ ಅಡ್ಡ ಪರಿಣಾಮಗಳೆಲ್ಲ, ಮಾತ್ರೆ ನುಂಗದೆಯೇ, ಸಂಜೆಯೊಳಗೆ ನನಗೆ ಬರುತ್ತವೆ. ತೆಂಗಿನಮರದ ಕೆಳಗೆ ನಡೆಯುವಾಗ ಕಾಯಿ ಬಿದ್ದೀತೆಂದು ಮೇಲೆ ನೋಡುತ್ತೇನೆ. ಮೇಲೆ ನೋಡಿಕೊಂಡು ನಡೆದು ಎಡವುತ್ತೇನೆ. ಎಲ್ಲಿ ತಿರುಗಿದರೂ ತೆಂಗಿನಮರವೇ ಇರುವ ಸೀಮೆಯಲ್ಲಿ ಹುಟ್ಟಿದವನಿಗೆ ಇದು ದಿನನಿತ್ಯದ ಶಿಕ್ಷೆ. "ನಿಮ್ಮಪ್ಪ ತೋಟದ ಜೊತೆ ಭಯಾನೂ ನಿಮ್ ಹೆಸ್ರಿಗೇ ಬರ್ದವ್ರೆ" ಎನ್ನುತ್ತಾಳೆ ನನ್ನ ಹೆಂಡತಿ.

ಒಂದು ಮಧ್ಯಾಹ್ನ ಸುಬೇದಾರರು ಮಂಡಿನೋವಿನ ಮಾತ್ರೆಗೆ ಅಂಗಡಿಗೆ ಬಂದರು. ಇದು ಹೊಟ್ಟೆ ಸುಡುತ್ತದೆ, ಊಟವಾದ ಮೇಲೆಯೇ ನುಂಗಿ ಎಂದು ನಾನು ನನ್ನ ಉಪನ್ಯಾಸ ಕೊಟ್ಟೆ. ಹೊರಗೆ ಬಿಸಿಲು. ಅವರು ಮಣೆ ಹಾಕಿ ಕೂತರು. ಅದು ಎಲ್ಲಿಯದು ಎಂದು ಕೇಳಿದೆ.

"ರುವಾಂಡಾದ್ದು ಕಣಪ್ಪ" ಎಂದರು.

ಪ್ರಪಂಚದ ದೇಶಗಳೆಲ್ಲ ಸೇರಿ ಕಳಿಸಿದ ನೀಲಿ ಟೋಪಿಯ ಶಾಂತಿಪಡೆಯಲ್ಲಿ ಅವರು ಆಫ್ರಿಕಾಕ್ಕೆ ಹೋಗಿದ್ದರೆಂಬುದು ಊರಿಗೆ ಗೊತ್ತಿತ್ತು. ಒಂದು ಸ್ವಾತಂತ್ರ್ಯ ದಿನಾಚರಣೆಗೆ ಹೆಡ್‌ಮಾಸ್ತರರು, "ಆಫ್ರಿಕಾದಲ್ಲಿ ಶಾಂತಿ ಸ್ಥಾಪಿಸಿ ಬಂದ ನಮ್ಮೂರ ವೀರಯೋಧರು" ಎಂದು ಶಾಲು ಹೊದಿಸಿದ್ದರು. ಸುಬೇದಾರರು ಮೈಕಿನ ಮುಂದೆ ನಿಂತು, "ಮೇಷ್ಟ್ರು ಪ್ರೀತಿಯಿಂದ ತಪ್ಪು ಹೇಳಿದ್ರು. ಅಲ್ಲಿ ಲಕ್ಷಾಂತರ ಜನ ಸಾಯೋವಾಗ ಪ್ರಪಂಚ ಇದ್ದಬದ್ದ ಸೈನ್ಯಾನೂ ಮುಕ್ಕಾಲುಪಾಲು ವಾಪಸ್ ಕರುಸ್ಕಂತು. ನಾವು ಹೋಗಿದ್ದು ಎಲ್ಲ ಮುಗಿದ್ ಮೇಲೆ. ಮಕ್ಳಿಗೆ ಹೊತ್ತಾಯ್ತು, ಲಾಡು ಕೊಡಿ" ಎಂದು ಇಳಿದುಬಿಟ್ಟಿದ್ದರು. ಲಾಡುವಿನ ಗದ್ದಲದಲ್ಲಿ ಆ ಮಾತು ಅಷ್ಟಕ್ಕೇ ನಿಂತಿತ್ತು.

ಆ ಮಧ್ಯಾಹ್ನ ಉಳಿದದ್ದನ್ನು ಹೇಳಿದರು.

"ನಮ್ ಚಿಕ್ಕನಾಯಕನಹಳ್ಳಿ ಗುಡ್ಡಗಳಿದಾವಲ್ಲ, ಅದಕ್ಕೆ ಹಸಿರು ಹೊದಿಸಿದ್ರೆ ಎಂಗಿರ್ತದೆ, ಅಂಗೈತೆ ಆ ದೇಶ. ಗುಡ್ಡದ ಮೇಲೆಲ್ಲ ಬಾಳೆ. ಎರಡು ಕುಲದ ಜನ, ಅಕ್ಕಪಕ್ಕದ ಮನೆಯೋರೇ, ಒಬ್ರ ಹೊಲಕ್ಕೊಬ್ರು ಕೆಲ್ಸಕ್ ಹೋಗೋರೇ. ರೇಡಿಯೋದಲ್ಲಿ ಹಾಡು ಹಾಕೋರಂತೆ, ಹಾಡಿನ ಮಧ್ಯೆ ಮಧ್ಯೆ ಹೇಳೋರಂತೆ, ಇನ್ನೊಂದು ಕುಲದೋರು ಮನುಷ್ಯರಲ್ಲ, ಜಿರಲೆಗಳು ಅಂತ. ಕೇಳಿ ಕೇಳಿ ಜನಕ್ಕೆ ಅಭ್ಯಾಸ ಆಗೋಯ್ತು. ಆಮೇಲೆ ಒಂದಿನ ಮಚ್ಚು ಹಿಡ್ಕಂಡು ಹೊರಟ್ರು."

"ಎಂಥ ಮಚ್ಚು?" ಎಂದೆ. ಯಾಕೆ ಕೇಳಿದೆನೋ.

"ಇದೇ ಕಣಪ್ಪ. ನಾವು ಎಳನೀರು ಕೊಚ್ಚೋದು."

ಅವರ ಒಂದು ವಿಚಿತ್ರ ಅಭ್ಯಾಸ ಆಗ ನನಗೆ ಅರ್ಥವಾಯಿತು. ಯಾರ ಮನೆಗೆ ಹೋದರೂ ಜಗಲಿಯ ಮೇಲೆ ಮಚ್ಚು ಬಿದ್ದಿದ್ದರೆ, ಮಾತಾಡುತ್ತಲೇ ಅದನ್ನೆತ್ತಿ ಬಾಯಿ ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ನಮ್ಮ ಕಡೆ ಮಚ್ಚಿಲ್ಲದ ಜಗಲಿ ಯಾವುದು? ಎಷ್ಟು ತಿರುಗಿಸಿದ್ದರೋ.

"ಪ್ರಪಂಚಕ್ಕೆ ಗೊತ್ತಿರ್ಲಿಲ್ವಾ ಸುಬೇದಾರ್ರೇ?"

"ಗೊತ್ತಿತ್ತು. ಮೊದ್ಲೇ ಅಲ್ಲಿಂದ ಸುದ್ದಿ ಹೋಗಿತ್ತು. ಸುರುವಾದ್ ಮೇಲೂ ದೊಡ್ಡೋರೆಲ್ಲ ಕೂತು ಮಾತಾಡಿದ್ರು, ಇದಕ್ಕೆ ಯಾವ ಹೆಸ್ರು ಇಡೋದು, ನರಮೇಧ ಅನ್ನೋದಾ ಬ್ಯಾಡ್ವಾ ಅಂತ. ಆ ಹೆಸ್ರು ಇಟ್ರೆ ಹೋಗಿ ಬಿಡಿಸ್ಬೇಕಾಯ್ತದೆ ಅಂತ ಭಯ. ಅವ್ರು ಹೆಸ್ರಿಡೋ ಹೊತ್ಗೆ ಮುಗ್ದೇ ಹೋಗಿತ್ತು." ಅವರೇ ಮುಂದುವರಿಸಿದರು: "ನಾವು ಹೋಗಿ ಸುಮ್ನಿರ್ಲಿಲ್ಲ ಬುಡು. ರಸ್ತೆ ಸರಿ ಮಾಡಿದ್ವಿ. ತಪ್ಪಿಸ್ಕಂಡು ಓಡಿದ್ದೋರ್ನ ಲಾರೀಲಿ ಅವ್ರವ್ರ ಊರಿಗೆ ಮುಟ್ಟಿಸಿದ್ವಿ. ನಮ್ ಡಾಕ್ಟ್ರುಗಳು ಉಸಿರಾಡಕ್ಕೂ ಪುರುಸೊತ್ತಿಲ್ದಂಗೆ ದುಡಿದ್ರು. ಒಳ್ಳೆ ಕೆಲ್ಸಾನೇ. ಆದ್ರೆ ಹೆಣ ಹೂತ ಮೇಲೆ."

ಅವರ ಠಾಣ್ಯದ ಪಕ್ಕದಲ್ಲಿ ಒಂದು ಮನೆಯಿತ್ತಂತೆ. ಮನೆ ತುಂಬ ಇದ್ದ ಜನದಲ್ಲಿ ಉಳಿದವಳು ಒಬ್ಬಳೇ ಹೆಂಗಸು. ಇವರು ಒಂದು ದಿನ ನೀರಿನ ಕ್ಯಾನು ಇಳಿಸಲು ಹೋದಾಗ ಅವಳು ಬಾಗಿಲಿಗೆ ಬಂದು ಏನೋ ಕೇಳಿದಳು. ಜೊತೆಗಿದ್ದ ಆ ಊರಿನ ಮೇಷ್ಟ್ರು ಇಂಗ್ಲಿಷಿನಲ್ಲಿ ತಿಳಿಸಿದರು: "ಈಗ ಬಂದಿರಾ?" ಎನ್ನುತ್ತಿದ್ದಾಳೆ.

"ಬೈದಿದ್ರೆ ತಡ್ಕಬೌದಿತ್ತು ಕಣಪ್ಪ. ನೆಂಟ್ರು ತಡವಾಗಿ ಬಂದ್ರೆ ಕೇಳ್ತಾರಲ್ಲ, ಅಂಗೆ ಕೇಳಿದ್ಲು."

"ನೀವೇನಂದ್ರಿ?"

"ಏನನ್ನಲಿ? ನಿಂತಿದ್ದೆ. ಒಳಗಿಂದ ಈ ಮಣೆ ತಂದಾಕಿದ್ಲು. 'ಕೂತಾದ್ರೂ ಹೋಗಿ. ನಮ್ಮನೇಲಿ ಸತ್ತೋರಿಗೆ ಇನ್ನೂ ಯಾರೂ ಬಂದು ಕೂತಿಲ್ಲ' ಅಂದ್ಲು."

ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ಹೊತ್ತು ತಂದು, ಒಂದಿಷ್ಟು ಹೊತ್ತು ಕೂತು ಹೋಗುತ್ತಾರೆ. ಮಾತೇನೂ ಇರಬೇಕಾಗಿಲ್ಲ. ಆ ಗುಡ್ಡದಲ್ಲಿ ಬಂದು ಕೂರಬೇಕಾಗಿದ್ದ ನೆರೆಹೊರೆಯಲ್ಲಿ ಒಂದಷ್ಟು ಜನ ಸತ್ತಿದ್ದರು. ಉಳಿದವರಲ್ಲಿ ಕೆಲವರು ಕೊಂದವರು. ಹಾಗಾಗಿ ತುರುವೇಕೆರೆ ತಾಲ್ಲೂಕಿನ ಈ ಹವಾಲ್ದಾರ, ಆಗಿನ್ನೂ ಹವಾಲ್ದಾರ, ಡ್ಯೂಟಿ ಮುಗಿದಾಗಲೆಲ್ಲ ಹೋಗಿ ಆ ಮಣೆಯ ಮೇಲೆ ಕೂತು ಬರುತ್ತಿದ್ದರು. ಪಡೆ ಹಿಂತಿರುಗುವ ದಿನ ಅವಳು ಮಣೆಯನ್ನು ಇವರ ಟ್ರಕ್ಕಿನಲ್ಲಿಟ್ಟಳು.

"ಇಂಥದ್ದೆಲ್ಲ ಕೇಳಿದ್ರೆ ನಂಗೆ ವಾರಗಟ್ಲೆ ಭಯ ಸುಬೇದಾರ್ರೇ. ನಂಗೆ ಸುಮ್ಸುಮ್ನೆ ಭಯ ಆಗ್ತದೆ."

"ಒಳ್ಳೇದಾಯ್ತು. ನಿಂಗೆ ಎಲ್ರಿಗಿಂತ ಮೊದ್ಲೇ ಬತ್ತದೆ. ಬಂದ್ ತಕ್ಷಣ ನಂಗ್ ಹೇಳು."

"ಹತ್ತರಲ್ಲಿ ಒಂಬತ್ತು ಸುಳ್ಳಾಗ್ತದೆ."

"ಆಗ್ಲಿ ಬುಡು. ಒಂಬತ್ತು ಸಲ ಕಾಪಿ ಕುಡ್ಕಂಡು ವಾಪಸ್ ಬತ್ತೀನಿ."

ನನ್ನ ಭಯಕ್ಕೂ ಒಂದು ಉಪಯೋಗವಿರಬಹುದೆಂದು ಹೇಳಿದ ಮೊದಲ ಮನುಷ್ಯ ಅವರು. ಆಮೇಲೆ ನಾನು ಹೇಳುತ್ತಲೇ ಬಂದೆ, ಅವರು ಕಾಪಿ ಕುಡಿದು ಬರುತ್ತಲೇ ಇದ್ದರು. ಹತ್ತನೆಯದು ಬಂದದ್ದು ಮಕ್ಕಳ ಕಳ್ಳರ ಗ್ಯಾಂಗು ಬಂದಿದೆ ಎಂಬ ಮೆಸೇಜು ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ.

ಊರಾಚೆ ದೊಡ್ಡ ತೋಟವಿರುವ ಮನೆಯೊಂದರಲ್ಲಿ ಆ ದಿನ ಅಟ್ಟ ತುಂಬಿಸುತ್ತಿದ್ದರು. ಕೊಬ್ಬರಿಗೆಂದು ಕಾಯನ್ನು ಅಟ್ಟಕ್ಕೆ ಹಾಕುವುದು ನಮ್ಮಲ್ಲಿ ಒಂದು ಸಣ್ಣ ಹಬ್ಬ. ಕಾಯೆಲ್ಲ ಮೇಲೆ ಸೇರಿದ ಮೇಲೆ ಕರ್ಪೂರ ಹಚ್ಚಿ, ಏಣಿ ತೆಗೆದು ಕೊಟ್ಟಿಗೆಯ ಗೋಡೆಗೆ ಮಲಗಿಸಿಬಿಡುತ್ತಾರೆ. ಕಾಯಿ ಒಣಗಿ ಕೊಬ್ಬರಿಯಾಗುವವರೆಗೆ, ಅಂದರೆ ಹೆಚ್ಚುಕಡಿಮೆ ಮುಂದಿನ ವರ್ಷದವರೆಗೆ, ಮೇಲೆ ಯಾರೂ ಹತ್ತುವುದಿಲ್ಲ. ಏಣಿ ತೆಗೆದರೆಂದರೆ ಆ ಮನೆಗೆ ಅಟ್ಟವಿದೆ ಎಂಬುದನ್ನೇ ಮನೆಯವರು ಮರೆಯುತ್ತಾರೆ.

ಮಧ್ಯಾಹ್ನ ಏಣಿ ತೆಗೆದರು. ಸಂಜೆ ಐದರ ಹೊತ್ತಿಗೆ ಆ ಮನೆಯ ಆರು ವರ್ಷದ ಮಗಳು ಕಾಣುತ್ತಿಲ್ಲ ಎಂಬ ಸುದ್ದಿ ಬಂತು. ಬಾವಿ ನೋಡಿದರು, ಪಂಪ್‌ಹೌಸ್ ನೋಡಿದರು, ಕೊಟ್ಟಿಗೆ ನೋಡಿದರು. ತೋಟದ ಶೆಡ್ಡಿನಲ್ಲಿ ಕಾಯಿ ಸುಲಿಯುವ ಕೆಲಸಕ್ಕೆಂದು ಬಿಹಾರದಿಂದ ಬಂದ ಗಂಡ ಹೆಂಡತಿ ಇದ್ದರು, ಜೊತೆಗೆ ಅವರ ಕೈಗೂಸು. ಬೆಳಿಗ್ಗೆ ಹುಡುಗಿ ಆ ಕೂಸನ್ನು ಆಡಿಸುತ್ತಿದ್ದಳು ಎಂದು ಯಾರೋ ನೆನಪಿಸಿಕೊಂಡರು. ಇನ್ಯಾರೋ ಮೊಬೈಲು ತೆಗೆದರು.

ನನ್ನ ಅಂಗಡಿಯ ಮುಂದೆ ಗುಂಪು ಸೇರಿತು. "ಗ್ಯಾಂಗ್ ಐತಂತೆ ಕಣ್ಲಾ." "ಹಿಂದಿ ಮಾತಾಡ್ತವ್ರಂತೆ." ಅಷ್ಟು ಹೊತ್ತೂ ನಾನು ನನ್ನ ಎಂದಿನ ಭಯದಲ್ಲಿದ್ದೆ. ಆದರೆ ಒಬ್ಬೊಬ್ಬರೇ ಮನೆಗೆ ಹೋಗಿ ವಾಪಸು ಬರತೊಡಗಿದರು, ಬಂದವರ ಕೈ ಖಾಲಿ ಇರಲಿಲ್ಲ. ಶಟರ್ ಅರ್ಧ ಎಳೆದು ಹಿತ್ತಿಲಿನಿಂದ ಓಡಿದೆ.

ಸುಬೇದಾರರು ಕಾಪಿ ಕುಡಿಯುತ್ತಿದ್ದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಟೋಪಿ ತಲೆಯ ಮೇಲಿತ್ತು.

"ಪೊಲೀಸಿಗೆ ಫೋನ್ ಮಾಡು. ಮಾಡ್ಕಂಡೇ ನಡಿ."

"ನಾನಾ? ನಾನ್ ಬಂದು ಏನ್ಮಾಡ್ಲಿ?"

"ಕೂತ್ಕಳಕ್ ಬರಲ್ವಾ ನಿಂಗೆ?"

ನಾವು ತೋಟದ ಒಳದಾರಿಯಲ್ಲಿ ಹೋದದ್ದರಿಂದ ಗುಂಪಿಗಿಂತ ಮೊದಲು ಮುಟ್ಟಿದೆವು. ಶೆಡ್ಡಿನ ಹೆಂಗಸು ಒಲೆ ಹಚ್ಚುತ್ತಿದ್ದಳು. ಅವಳಿಗಿನ್ನೂ ಏನೂ ತಿಳಿದಿರಲಿಲ್ಲ. ಸುಬೇದಾರರು ಹಿಂದಿಯಲ್ಲಿ ಅವರಿಬ್ಬರಿಗೆ ಏನೋ ಹೇಳಿ, ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, ಅವರನ್ನು ಒಳಗೇ ಇರಿಸಿ, ಬಾಗಿಲಿಗೆ ಅಡ್ಡ ಮಣೆ ಹಾಕಿದರು. ಲಟಕ್, ಲಟಕ್. ಶಿವನೇ. ನಾನು ಪಕ್ಕದ ತೆಂಗಿನ ಮಟ್ಟೆಯ ರಾಶಿಯ ಮೇಲೆ ಕೂತೆ. ಅದು ಚುಚ್ಚುತ್ತಿತ್ತು. ಮಟ್ಟೆಯಲ್ಲಿ ಚೇಳಿರುತ್ತದೆ ಎಂಬುದೂ ಅದೇ ಹೊತ್ತಿಗೆ ನೆನಪಾಯಿತು.

ಗುಂಪು ಬಂತು. ಮುಂದೆ ಹುಡುಗಿಯ ಅಪ್ಪ. ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ಮಚ್ಚು.

"ಸುಬೇದಾರ್ರೇ, ಎದ್ದೇಳಿ."

"ಈಗಿನ್ನೂ ಕೂತಿದೀನಿ ಕಣ್ಲಾ. ಏಳಕ್ಕೆ ನನ್ ಮಂಡಿ ಒಪ್ಬೇಕಲ್ಲ."

"ನನ್ ಮಗಳು ಕಾಣ್ತಿಲ್ಲ!"

"ಗೊತ್ತು ಕಣಪ್ಪ. ಒಳಗೆ ಇಲ್ಲ, ನಾನು ನೋಡಿದೀನಿ. ನೀನೂ ನೋಡು. ಮಚ್ಚು ಇಲ್ಲಿಟ್ಟು ಒಬ್ನೇ ಹೋಗಿ ನೋಡು."

ಅವನು ಒಂದು ಗಳಿಗೆ ನಿಂತ. ಮಚ್ಚು ಕೆಳಗಿಟ್ಟು ಒಳಗೆ ಹೋದ, ಹೊರಗೆ ಬಂದ. ಅಷ್ಟರಲ್ಲಿ ಸುಬೇದಾರರು ಆ ಮಚ್ಚಿನ ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿದ್ದರು.

"ಎಲ್ಲೋ ಸಾಗ್ಸವ್ರೆ!" ಹಿಂದಿನಿಂದ ಒಂದು ದನಿ.

"ಯಾರ್ಲಾ ಅದು? ಮುಂದಕ್ ಬಾ. ನೀನು ನೋಡ್ದಾ?"

"ಮೊಬೈಲಲ್ಲಿ ಬಂದೈತೆ."

"ಮೊಬೈಲಲ್ಲಿ ಈ ಮಗು ಹೆಸ್ರು ಬಂದೈತಾ? ಈ ಹೆಂಗ್ಸಿನ್ ಹೆಸ್ರು ಬಂದೈತಾ? ಇಲ್ವಲ್ಲ. ಕೂತ್ಕ. ಪೊಲೀಸ್ನೋರು ಬತ್ತಾವ್ರೆ, ಅಲ್ಲೀಗಂಟ ಎಲ್ರೂ ಕೂತ್ಕಳಿ. ಲೇ ಮೆಡಿಕಲ್ಲು, ಸರ್ಕಂಡು ಜಾಗ ಬುಡು."

ನಾನು ಸರಿದೆ. ಯಾರೂ ಕೂರಲಿಲ್ಲ. ಆದರೆ ಮುಂದೆಯೂ ಬರಲಿಲ್ಲ. ಒಳಗೆ ಕೂಸು ಅತ್ತಿತು. ಹೆಂಗಸು ಅದರ ಬಾಯಿ ಮುಚ್ಚಿದಳೆಂದು ಕಾಣುತ್ತದೆ, ಅಳು ಅರ್ಧಕ್ಕೆ ನಿಂತಿತು. ಆ ನಿಂತ ಅಳುವನ್ನು ಎಲ್ಲರೂ ಕೇಳಿಸಿಕೊಂಡರು. ಕಡೆಗೆ ಒಬ್ಬ ಕೂತ. ಇನ್ನೊಬ್ಬ ಕೂತ. ಹೊತ್ತು ಇಳಿಯುತ್ತಿತ್ತು.

ಆಗ ಹುಡುಗಿಯ ಅಪ್ಪನ ಜೇಬಿನ ಮೊಬೈಲು ಹೊಡೆದುಕೊಂಡಿತು. ಅವನ ಹೆಂಡತಿ. ಅವಳ ಕೂಗು ನಮಗೂ ಕೇಳಿಸಿತು: "ಅಟ್ಟದಾಗವ್ಳೆ! ಅಟ್ಟದಾಗವ್ಳೆ ಕಣ್ರೀ!"

ಕಾಯಿ ತುಂಬಿಸುವಾಗ ಆಳುಗಳ ಹಿಂದೆಯೇ ಹತ್ತಿ, ಮೂಲೆಯಲ್ಲಿ ಹೆಂಚಿನ ಬಿಸಿಗೆ ನಿದ್ದೆ ಹೋಗಿದ್ದಳಂತೆ. ಎಚ್ಚರವಾಗಿ ಮಗ್ಗುಲು ತಿರುಗಿದಾಗ ಕಾಯಿ ಉರುಳಿವೆ. ಕೆಳಗೆ ಅಳುತ್ತಿದ್ದ ತಾಯಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಆ ಒಂದು ಚೂರು ಮೌನದಲ್ಲಿ ಅದು ಕೇಳಿಸಿದೆ.

ಅಪ್ಪ ನಿಂತಲ್ಲೇ ನೆಲಕ್ಕೆ ಕೂತ. ಮಿಕ್ಕವರು, "ಸಿಕ್ಕಿದ್ಲಲ್ಲ, ಬುಡಿ ಬುಡಿ" ಎನ್ನುತ್ತ, ಮಚ್ಚುಗಳನ್ನು ಪಂಚೆಯ ಮರೆಗೆ ಹಿಡಿದು ಕರಗಿಹೋದರು. ಪೊಲೀಸ್ ಜೀಪು ಬಂದಾಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ನನ್ನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಸುಬೇದಾರರಿಗೆ ಮುಗಿದಿರಲಿಲ್ಲ. ಮಾರನೆಯ ಬೆಳಿಗ್ಗೆ ನನ್ನನ್ನೂ ಎಬ್ಬಿಸಿಕೊಂಡು ಆ ತೋಟದ ಮನೆಗೆ ಹೋದರು.

"ಏನೂ ಆಗ್ಲಿಲ್ವಲ್ಲ ಸುಬೇದಾರ್ರೇ, ಈಗ್ಯಾಕೆ?" ಎಂದ ಹುಡುಗಿಯ ಅಪ್ಪ.

"ನಿಂಗೆ ಆಗ್ಲಿಲ್ಲ. ಆ ಹೆಂಗ್ಸು ಚಾಪೆ ಸುತ್ತವ್ಳೆ, ಹೋಗಿ ನೋಡು. ಕೂತು ಬರಾಣ ನಡಿ."

ಅವನ ಹೆಂಡತಿ ಒಂದು ಪಾತ್ರೆಗೆ ಸಾರು ಬಗ್ಗಿಸಿ, ಮುದ್ದೆ ಬುಟ್ಟಿಗಿಟ್ಟು, ಮಗಳ ಕೈ ಹಿಡಿದು ಗಂಡನಿಗಿಂತ ಮುಂದೆ ಹೊರಟಳು. ಶೆಡ್ಡಿನಲ್ಲಿ ಸಾಮಾನೆಲ್ಲ ಎರಡು ಗೋಣಿಚೀಲ ಸೇರಿತ್ತು. ಸುಬೇದಾರರು ಮಣೆಯನ್ನು ಹುಡುಗಿಯ ಅಪ್ಪನಿಗೆ ಹಾಕಿ ತಾವು ನೆಲದ ಮೇಲೆ ಕೂತರು. ಬಿಹಾರದವನು ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದ: "ನಾಳೆ ಇನ್ನೊಂದ್ ಮಗು ಸಿಗಲ್ಲ. ಆಗ?"

ಹುಡುಗಿಯ ಅಪ್ಪ ತಲೆ ತಗ್ಗಿಸಿ ಮಣೆಯ ಅಂಚು ಕೆರೆಯುತ್ತಿದ್ದ. ಆಮೇಲೆ ಹೇಳಿದ: "ಮೊದ್ಲು ನಮ್ಮನೆ ಅಟ್ಟ ನೋಡ್ತೀವಿ."

ಸುಬೇದಾರರು ಅದನ್ನು ಹಿಂದಿಗೆ ತಿರುಗಿಸಿ ಹೆಂಗಸಿಗೆ ಹೇಳಿದರು. ಅವಳು ಹುಡುಗಿಯ ತಾಯಿಯ ಮುಖ ನೋಡಿದಳು, ಸಾರಿನ ಪಾತ್ರೆ ನೋಡಿದಳು. ಎದ್ದು ಹೋಗಿ, ಸುತ್ತಿಟ್ಟಿದ್ದ ಚಾಪೆ ಬಿಚ್ಚಿ ನಮಗೆಲ್ಲ ಹಾಸಿದಳು.

ಹಿಂತಿರುಗುವಾಗ ಸುಬೇದಾರರು ಆ ದೇಶದ ಮಾತೆತ್ತಿದರು. "ಅಲ್ಲೂ ಆಮೇಲೆ ದೊಡ್ಡ ಕೋರ್ಟ್ ಆಯ್ತು ಕಣಪ್ಪ. ಬೇರೆ ಬೇರೆ ದೇಶದ ಜಡ್ಜುಗಳು ಕೂತು, ಮಾಡ್ಸಿದ್ ದೊಡ್ಡೋರಿಗೆ ಶಿಕ್ಷೆ ಕೊಟ್ರು. ಊರೂರಲ್ಲಿ ಹುಲ್ಲಿನ್ ಮೇಲೆ ಪಂಚಾಯ್ತಿ ಮಾಡಿದ್ರು; ಕಡ್ದೋರು, ಉಳ್ಕಂಡೋರು ಎದುರುಬದ್ರು ಕೂತು ನಡೆದದ್ದು ಹೇಳಿದ್ರಂತೆ. ವರ್ಷಗಟ್ಲೆ. ಎಲ್ಲಾ ಬೇಕು, ಬ್ಯಾಡ ಅನ್ನಲ್ಲ. ಈಗ ಆ ದೇಶ ಎದ್ದು ನಿಂತೈತೆ. ಆದ್ರೆ ನೋಡು, ನಮ್ದು ಒಂದ್ ಪಾತ್ರೆ ಸಾರಲ್ಲಿ ಮುಗೀತು." ಸ್ವಲ್ಪ ದೂರ ನಡೆದ ಮೇಲೆ, "ಮಣೆ ಕೊಟ್ಳಲ್ಲ, ಆಯಮ್ಮಂಗೆ ಹೇಳ್ಬೇಕಿತ್ತು, ಈ ಸಲ ಮೊದ್ಲೇ ಹೋಗಿದ್ದೆ ಅಂತ" ಎಂದರು.

ಐದಾರು ವರ್ಷದ ಮೇಲೆ ಸುಬೇದಾರರು ತೀರಿಕೊಂಡ ದಿನ ನಾನು ಔಷಧಿ ತರಲು ತುಮಕೂರಿಗೆ ಹೋಗಿದ್ದೆ. ಅವರ ಮಂಡಿಗೆ, ಅವರ ಹೊಟ್ಟೆಗೆ ಭಯಪಟ್ಟಿದ್ದ ನಾನು ಅವರ ಹೃದಯಕ್ಕೆ ಒಂದು ದಿನವೂ ಭಯಪಟ್ಟಿರಲಿಲ್ಲ. ಬಸ್ಸಿಳಿದು ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಈಗ ಅಮ್ಮಸಂದ್ರದ ಕಡೆ ಕೆಲಸ ಮಾಡಿಕೊಂಡಿರುವ ಬಿಹಾರದ ಗಂಡ ಹೆಂಡತಿ ಆಗಲೇ ಬಂದು ಚಾಪೆಯ ಮೇಲೆ ಕೂತಿದ್ದರು. ನಡುವೆ ಅವರ ಮಗ, ಅಂದಿನ ಕೈಗೂಸು, ಶಾಲೆಯ ಯೂನಿಫಾರ್ಮಿನಲ್ಲೇ. ಸುಬೇದಾರರ ಹೆಂಡತಿ ಮಣೆ ತಂದು ನನ್ನ ಮುಂದಿಟ್ಟರು.

"ಮೆಡಿಕಲ್ಲಿಗೆ ಕೊಡು, ಅವ್ನಿಗೆ ಮೊದ್ಲೇ ಭಯ ಬತ್ತದೆ ಅಂದಿದ್ರು. ತಗಳಪ್ಪ. ಕೂತ್ಕ."

ಕೂತೆ.

ಹೋದ ತಿಂಗಳು ಮತ್ತೆ ಒಂದು ಮೆಸೇಜು ಬಂತು: ಕಂಬಳಿ ಮಾರುವ ನೆಪದಲ್ಲಿ ಊರೂರು ತಿರುಗುವವರ ಬಗ್ಗೆ ಎಚ್ಚರ. ಬಸ್‌ಸ್ಟಾಪಿನ ಹತ್ತಿರ ಕಂಬಳಿ ಮಾರುವ ಮೂವರು ಬಂದಿದ್ದರೆಂಬುದು ನನಗೆ ಗೊತ್ತಿತ್ತು. ಬೆಳಿಗ್ಗೆಯಷ್ಟೇ ಅವರಿಗೆ ತಲೆನೋವಿನ ಮಾತ್ರೆ ಕೊಟ್ಟಿದ್ದೆ. ಶಟರ್ ಅರ್ಧ ಎಳೆದು, ಮಣೆಯನ್ನು ಕಂಕುಳಲ್ಲಿಟ್ಟುಕೊಂಡು, ಮೇಲೆ ನೋಡುತ್ತ, ಎಡವುತ್ತ, ಓಡಿದೆ.

ಅಲ್ಲಿ ಗುಂಪಿರಲಿಲ್ಲ. ಕಂಬಳಿಗಳ ಗಂಟಿನ ಪಕ್ಕದಲ್ಲಿ ಒಬ್ಬನೇ ಒಬ್ಬ, ಕಟ್ಟೆಯ ಮೇಲೆ ಪಟ್ಟಾಗಿ ಕೂತು, ಮಾರುವವರ ಜೊತೆ ಬೀಡಿ ಹಂಚಿಕೊಳ್ಳುತ್ತಿದ್ದ. ಆ ಹುಡುಗಿಯ ಅಪ್ಪ.

ನನ್ನನ್ನೂ ಮಣೆಯನ್ನೂ ನೋಡಿ ಮೀಸೆಯಲ್ಲೇ ನಕ್ಕ. "ಏನ್ಲಾ ಮೆಡಿಕಲ್ಲು, ಇಷ್ಟು ಲೇಟಾ? ನಾನಾಗ್ಲೇ ಅಟ್ಟ ನೋಡ್ಕಂಡು ಬಂದು ಕೂತಿದೀನಿ."

ಸರಿದು ಜಾಗ ಬಿಟ್ಟ. ನಾನು ಮಣೆ ಹಾಕಿ ಕೂತೆ. ಲಟಕ್ ಎಂದಿತು. ನನ್ನದೇ ಮೊಣಕಾಲು.